ಅಳಿಸಿದರೂ ಮರಳಿ ಬರುವ ಕ್ಯಾಲೆಂಡರು



ಈ ಸಲ ಬಂದ ಪತ್ರಗಳಲ್ಲಿ ಒಂದಕ್ಕೆ ಈ ಅಂಕಣವನ್ನೆಲ್ಲ ಕೊಡೋಣ ಅನ್ನಿಸಿತು. ಹೊಸದುರ್ಗದ ಕಡೆಯ ಓದುಗರೊಬ್ಬರದು. ಹೆಸರು ಬೇಡವೆಂದಿದ್ದಾರೆ, ಹಾಕುವುದಿಲ್ಲ. ಅವರ ಮನೆಯಲ್ಲಿ ಮಗ ಲಿನಕ್ಸ್ ಹಾಕಿಕೊಟ್ಟ ಲ್ಯಾಪ್‌ಟಾಪ್ ಇದೆ. ಮಾವನವರು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಜೂನ್ 1 ಬಂದರೆ ಸಾಕು, ಪರದೆಯ ಮೂಲೆಯ ಗಡಿಯಾರ ಒತ್ತಿದಾಗ ಬಿಚ್ಚಿಕೊಳ್ಳುವ ಕ್ಯಾಲೆಂಡರಿನಲ್ಲಿ ಅವರ ಹೆಸರು ಬರುತ್ತದೆ, ಹುಟ್ಟುಹಬ್ಬ ಅಂತ. ಮೊದಲ ವರ್ಷ ಅದನ್ನು ನೋಡಿದ ಅತ್ತೆಯವರು ಆ ದಿನ ಊಟಕ್ಕೇ ಏಳಲಿಲ್ಲವಂತೆ. ಮಗ ರಜಕ್ಕೆ ಬಂದಾಗ ಹುಟ್ಟುಹಬ್ಬದ ಫೈಲು ಹುಡುಕಿ ಅಳಿಸಿದ. ಮಾರನೇ ದಿನ ಲ್ಯಾಪ್‌ಟಾಪ್ ತೆರೆದರೆ ಫೈಲು ಇದ್ದಲ್ಲೇ ಕೂತಿತ್ತು. ಮತ್ತೆ ಅಳಿಸಿದ, ಮತ್ತೆ ಬಂತು. ಸಿಟ್ಟು ಬಂದು ಕ್ಯಾಲೆಂಡರಿನ ಫೋಲ್ಡರನ್ನೇ ಕಿತ್ತು ಹಾಕಿದ. ಆಗಲೂ ಮಾವನವರ ಹೆಸರು ಹೋಗಲಿಲ್ಲ. ಹೋದದ್ದು ಬೇರೆ: ಬಾಣಂತನಕ್ಕೆ ಬಂದಿದ್ದ ಮಗಳ ಕೂಸಿಗೆ ಲಸಿಕೆ ಹಾಕಿಸುವ ದಿನಗಳು, ಸ್ತ್ರೀಶಕ್ತಿ ಸಂಘದ ಸಾಲದ ಕಂತಿನ ತಾರೀಖುಗಳು. ಇವರೇ ಕೂತು ಒಂದೊಂದಾಗಿ ಬರೆದಿಟ್ಟಿದ್ದವು.

"ಬೇಡದ್ದು ಹೋಗಲಿಲ್ಲ, ಬೇಕಾದ್ದು ಉಳೀಲಿಲ್ಲ. ಇದು ಯಂತ್ರದ ಕಾಟವೋ, ಅವರ ಋಣ ಇನ್ನೂ ತೀರಿಲ್ಲವೋ ಅಂತ ಅತ್ತೆ ಕೇಳ್ತಾರೆ. ನಾನೇನು ಹೇಳಲಿ ಅಕ್ಕಾ?" ಎಂದು ಬರೆದಿದ್ದಾರೆ.

ಅತ್ತೆಯವರಿಗೆ ಧೈರ್ಯ ಹೇಳಿ ತಂಗಿ. ಇದರಲ್ಲಿ ಕಾಟವೂ ಇಲ್ಲ, ಋಣವೂ ಇಲ್ಲ. ಆ ಫೈಲನ್ನು ಮತ್ತೆ ಮತ್ತೆ ಬರೆಯುವವರು ಒಬ್ಬರು ಯಂತ್ರದೊಳಗೆ ಇದ್ದಾರೆ, ಅಷ್ಟೇ. ನಿಮ್ಮ ಮಗ ಬರೆದ ಹಾಳೆಯನ್ನು ಹರಿದ, ಬರೆಯುವವನನ್ನು ಮಾತಾಡಿಸಲಿಲ್ಲ. ಹೊಲದಲ್ಲಿ ಗರಿಕೆಯನ್ನು ಮೇಲೆ ಮೇಲೆ ಕೊಯ್ದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕೇ?

ಇಂಥ ಪತ್ರಗಳು ಈಚೆಗೆ ಹೆಚ್ಚಾಗಿವೆ. ವಿಂಡೋಸ್ 10ಕ್ಕೆ ಕಂಪನಿಯವರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಹೊಸ ಲ್ಯಾಪ್‌ಟಾಪ್ ಕೊಳ್ಳುವ ಬದಲು ಹಳೆಯದಕ್ಕೇ ಲಿನಕ್ಸ್ ಹಾಕಿಸಿದವರು ಬಹಳ ಮಂದಿ. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಶುರು ಮಾಡಿದ್ದು, ಇವತ್ತಿಗೂ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಇದೇನೋ ಪಟ್ಟಣದ ಇಂಜಿನಿಯರುಗಳ ವಸ್ತು ಎಂದು ಹೆದರಬೇಡಿ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕಂಪ್ಯೂಟರು ಕಲಿಯುವುದು ಲಿನಕ್ಸಿನಲ್ಲೇ. ಕೇರಳ ಸರ್ಕಾರ 2001ರಲ್ಲಿ ಶುರು ಮಾಡಿದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಹೆಸರಿನಲ್ಲಿ ನಡೆಯುತ್ತಿರುವುದು, ಅಲ್ಲಿನ ಶಾಲೆಗಳಿಗೆಲ್ಲ ಅದನ್ನೇ ಕೊಟ್ಟಿದೆ. ಏಳನೇ ಕ್ಲಾಸಿನ ಮಕ್ಕಳಿಗೆ ಬರುವುದು ನಮಗೆ ಬಾರದೇ ಹೋದೀತೇ?

ಮೊದಲು ಆ ಫೈಲು ಅಂದರೆ ಏನೆಂದು ತಿಳಿದುಕೊಳ್ಳೋಣ. ಹೆಸರಿನ ಕೊನೆಯಲ್ಲಿ ಚುಕ್ಕೆ ಇಟ್ಟು ಐ, ಸಿ, ಎಸ್ ಎಂಬ ಮೂರು ಅಕ್ಷರ ಇದ್ದರೆ ಅದು ಕ್ಯಾಲೆಂಡರಿನ ಫೈಲು. ಒಬ್ಬರ ಕ್ಯಾಲೆಂಡರನ್ನು ಇನ್ನೊಬ್ಬರ ಯಂತ್ರವೂ ಓದುವಂತಿರಲಿ ಎಂದು 1998ರಲ್ಲಿ ಎಲ್ಲರೂ ಒಪ್ಪಿ ಮಾಡಿಕೊಂಡ ಪದ್ಧತಿ ಇದು, 2009ರಲ್ಲಿ ತಿದ್ದುಪಡಿಯಾಯಿತು. ಒಳಗೆ ಗುಟ್ಟೇನೂ ಇಲ್ಲ. ಬರಹ ತೆರೆಯುವ ಸಾದಾ ಎಡಿಟರಿನಲ್ಲಿ ತೆರೆದರೆ ಓದಲೇ ಬರುತ್ತದೆ. ಸಮರಿ ಎಂಬ ಸಾಲಿನಲ್ಲಿ ಕಾರ್ಯಕ್ರಮದ ಹೆಸರು, ಡಿಟಿಸ್ಟಾರ್ಟ್ ಎಂಬ ಸಾಲಿನಲ್ಲಿ ಶುರುವಾಗುವ ತಾರೀಖು. ತಾರೀಖನ್ನು ಮಾತ್ರ ವರ್ಷ, ತಿಂಗಳು, ದಿನ ಎಂದು ಒತ್ತಟ್ಟಿಗೆ ಬರೆದಿರುತ್ತದೆ; 2026ರ ಯುಗಾದಿಯಾದರೆ 20260319. ಆರ್‌ರೂಲ್ ಎಂಬ ಸಾಲೊಂದು ಇದ್ದರೆ ಆ ಕಾರ್ಯಕ್ರಮ ವರ್ಷಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಮರುಕಳಿಸುತ್ತದೆ ಎಂದರ್ಥ. ತೆರೆದು ನೋಡಿ, ತಿದ್ದದೆ ಮುಚ್ಚಿ. ನೋಡಿದ್ದರಿಂದ ಏನೂ ಕೆಡುವುದಿಲ್ಲ.

ಈಗ ಬರೆಯುವವನ ವಿಚಾರ. ಉಬುಂಟು, ಲಿನಕ್ಸ್ ಮಿಂಟ್ ಮುಂತಾದವುಗಳಲ್ಲಿ ಎವಲ್ಯೂಷನ್ ಡೇಟಾ ಸರ್ವರ್ ಎಂಬುದೊಂದು ತೆರೆಮರೆಯಲ್ಲಿ ಕೆಲಸ ಮಾಡುತ್ತಿರುತ್ತದೆ. ಹೆಸರು ದೊಡ್ಡದು, ಕೆಲಸ ನಮ್ಮ ಹಳೇ ಶಾನುಭೋಗರದು. ಊರಿನ ಕ್ಯಾಲೆಂಡರು, ವಿಳಾಸ, ಮಾಡಬೇಕಾದ ಕೆಲಸ ಎಲ್ಲದರ ಖಾತೆ ಇಡುವುದು ಇದೇ. ನೀವು ಕ್ಯಾಲೆಂಡರನ್ನು ಒಂದು ದಿನವೂ ತೆರೆಯದಿದ್ದರೂ ಇದು ತನ್ನಷ್ಟಕ್ಕೆ ತಾನೇ ಎದ್ದು ಕೂತಿರುತ್ತದೆ, ಯಾಕೆಂದರೆ ಮೂಲೆಯ ಗಡಿಯಾರಕ್ಕೆ ದಿನದ ಪಟ್ಟಿ ಒದಗಿಸುವುದು ಇದರ ಕೆಲಸ. ಇದರ ಬಳಿ ಹುಟ್ಟಿನಿಂದಲೇ ಬಂದ ಖಾತೆಗಳು ಕೆಲವಿವೆ. ಒಂದು ಪರ್ಸನಲ್ ಎಂಬುದು, ನಾವು ಕೈಯಾರೆ ಬರೆದದ್ದು ಸೇರುವ ಜಾಗ. ಇನ್ನೊಂದು ಹುಟ್ಟುಹಬ್ಬ ಮತ್ತು ವಾರ್ಷಿಕೋತ್ಸವಗಳದು. ಈ ಎರಡರ ಫೈಲನ್ನು ಅಳಿಸಿದಿರಿ ಎನ್ನಿ, ಮತ್ತೆ ಲಾಗಿನ್ ಆದಾಗ ಶಾನುಭೋಗರು "ಖಾತೆ ಕಾಣೆಯಾಗಿದೆ" ಎಂದು ಹೊಸದೊಂದನ್ನು ತೆರೆದಿಡುತ್ತಾರೆ. ಅವರ ಮೇಲೆ ಸಿಟ್ಟಾಗಿ ಫಲವಿಲ್ಲ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಪರ್ಸನಲ್ ಖಾತೆಯ ಫೈಲು ಹೋದರೆ ಬರುವ ಹೊಸ ಫೈಲು ಬರೀ ಖಾಲಿ. ಅದರಲ್ಲಿ ಇದ್ದದ್ದು ಇನ್ನೆಲ್ಲೂ ಇರಲಿಲ್ಲ, ಆದ್ದರಿಂದ ಹಿಂದೆ ಬರಲು ದಾರಿಯಿಲ್ಲ. ಹುಟ್ಟುಹಬ್ಬದ ಖಾತೆ ಹಾಗಲ್ಲ, ಅದು ತುಂಬಿಕೊಂಡೇ ಬರುತ್ತದೆ. ಯಾಕೆಂದರೆ ಹುಟ್ಟುಹಬ್ಬಗಳು ಆ ಖಾತೆಯಲ್ಲಿ ಇಲ್ಲವೇ ಇಲ್ಲ! ಅವು ಇರುವುದು ವಿಳಾಸಪುಸ್ತಕದಲ್ಲಿ, ಫೋನ್ ನಂಬರು ಬರೆದಿಡುತ್ತೇವಲ್ಲ, ಆ ಕಾರ್ಡುಗಳಲ್ಲಿ. ಪ್ರತಿ ಸಲವೂ ಅಲ್ಲಿಂದ ನೋಡಿ ಇಲ್ಲಿ ಪಟ್ಟಿ ಮಾಡುತ್ತದೆ. ನಮ್ಮ ಪತ್ರದ ಸೋದರಿಯ ಮನೆಯಲ್ಲಿ ನಡೆದದ್ದು ಇದೇ. ಮಗ ಕಿತ್ತು ಹಾಕಿದ ಫೋಲ್ಡರಿನಲ್ಲಿ ಕೂಸಿನ ಲಸಿಕೆಯ ದಿನಗಳಿದ್ದವು. ಅಜ್ಜನ ಹುಟ್ಟುಹಬ್ಬ ಅಲ್ಲಿರಲೇ ಇಲ್ಲ.

ಆದ್ದರಿಂದ ತಂಗಿ, ಹೀಗೆ ಮಾಡಿ. ಮೊದಲು ಇರುವುದರ ಪ್ರತಿ ತೆಗೆದಿಡಿ. ಫೈಲುಗಳ ಕಿಟಕಿ ತೆರೆದು, ಕಂಟ್ರೋಲ್ ಕೀಲಿ ಹಿಡಿದುಕೊಂಡು ಎಚ್ ಒತ್ತಿ. ಅಡಗಿಕೊಂಡಿದ್ದ ಫೋಲ್ಡರುಗಳು, ಅಂದರೆ ಹೆಸರಿನ ಮುಂದೆ ಚುಕ್ಕೆ ಇರುವಂಥವು, ಕಾಣಿಸಿಕೊಳ್ಳುತ್ತವೆ. ಚುಕ್ಕೆ ಇರುವ ಲೋಕಲ್ ಎಂಬುದನ್ನು ತೆರೆಯಿರಿ, ಅದರೊಳಗೆ ಶೇರ್, ಅದರೊಳಗೆ ಎವಲ್ಯೂಷನ್. ಆ ಎವಲ್ಯೂಷನ್ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಕಂಟ್ರೋಲ್ ಮತ್ತು ಎಚ್ ಇನ್ನೊಮ್ಮೆ ಒತ್ತಿದರೆ ಅವು ಮತ್ತೆ ಮರೆಯಾಗುತ್ತವೆ. ಐದು ನಿಮಿಷದ ಕೆಲಸ. ಉಪ್ಪಿನಕಾಯಿ ಭರಣಿ ತೊಳೆಯುವ ಮೊದಲು ಉಳಿದದ್ದನ್ನು ಬೇರೆ ಪಾತ್ರೆಗೆ ತೆಗೆದಿಡುವುದಿಲ್ಲವೇ, ಹಾಗೆ.

ಆಮೇಲೆ ಕಾಂಟ್ಯಾಕ್ಟ್ಸ್ ತೆರೆಯಿರಿ. ಮಾವನವರ ಹೆಸರು ಹುಡುಕಿ. ಒಂದೇ ಹೆಸರು ಎರಡು ಮೂರು ಕಡೆ ಇರುವುದುಂಟು: ಒಂದು ಲ್ಯಾಪ್‌ಟಾಪಿನದೇ ಪುಸ್ತಕದಲ್ಲಿ, ಒಂದು ಮಗನ ಇ-ಮೇಲಿನ ಪುಸ್ತಕದಲ್ಲಿ, ಇನ್ನೊಂದು ನಿಮ್ಮ ಫೋನಿನಿಂದ ಬಂದದ್ದು. ಎಲ್ಲವನ್ನೂ ನೋಡಿ. ಯಾವುದರಲ್ಲಿ ಹುಟ್ಟಿದ ದಿನ ತುಂಬಿದೆಯೋ ಅದರಲ್ಲಿ ಆ ಒಂದು ಜಾಗವನ್ನು ಮಾತ್ರ ಖಾಲಿ ಮಾಡಿ, ಉಳಿಸಿ. ಫೋನಿನಿಂದ ಬಂದ ಕಾರ್ಡಾದರೆ ಫೋನಿನಲ್ಲೇ ತೆಗೆಯುವುದು ವಾಸಿ, ಇಲ್ಲವಾದರೆ ಅಲ್ಲಿಂದ ಮತ್ತೆ ಇಳಿದು ಬಂದೀತು. ಕಾರ್ಡನ್ನೇ ಅಳಿಸಲು ಹೋಗಬೇಡಿ. ಅದರಲ್ಲಿ ಅವರ ಫೋಟೋ ಇರಬಹುದು, ಹಳೇ ನಂಬರು ಇರಬಹುದು. ಬ್ಯಾಂಕಿನವರೋ ಪಿಂಚಣಿ ಕಚೇರಿಯವರೋ "ಅವರ ನಂಬರು ಯಾವುದಿತ್ತು" ಎಂದು ಕೇಳುವ ದಿನ ಬರುತ್ತದೆ. ಇಷ್ಟು ಮಾಡಿ ಲಾಗ್‌ಔಟ್ ಆಗಿ ಒಳಗೆ ಬನ್ನಿ. ಜೂನ್ 1ರ ಚೌಕ ತೆರೆದು ನೋಡಿ, ಹೆಸರು ಇರುವುದಿಲ್ಲ.

ಹುಟ್ಟುಹಬ್ಬಗಳ ಪಟ್ಟಿಯೇ ಬೇಡ ಅನ್ನುವವರಿಗೆ ಇನ್ನೂ ಸುಲಭ. ಕ್ಯಾಲೆಂಡರ್ ತೆರೆದರೆ ಪಕ್ಕದಲ್ಲೋ, ಕ್ಯಾಲೆಂಡರುಗಳ ಪಟ್ಟಿ ಒತ್ತಿದಾಗಲೋ, ಒಂದೊಂದು ಹೆಸರಿನ ಮುಂದೆ ಟಿಕ್ ಗುರುತು ಇರುತ್ತದೆ. ಹುಟ್ಟುಹಬ್ಬದ ಮುಂದಿನ ಟಿಕ್ ತೆಗೆದರೆ ಆಯಿತು. ಖಾತೆ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಎವಲ್ಯೂಷನ್ ಎಂಬ ದೊಡ್ಡ ತಂತ್ರಾಂಶವನ್ನೇ ಹಾಕಿಕೊಂಡವರು ಯಾವ ವಿಳಾಸಪುಸ್ತಕದ ಹುಟ್ಟುಹಬ್ಬಗಳು ಪಟ್ಟಿಗೆ ಸೇರಬೇಕು, ಯಾವುದರದು ಬೇಡ ಎಂದು ಕೂಡ ಗುರುತು ಹಾಕಬಹುದು.

ಅಂದ ಹಾಗೆ ಜೂನ್ 1! ನಮ್ಮ ಕಡೆಯ ಯಾವ ಮನೆಯ ಹುಟ್ಟುಹಬ್ಬದ ಪಟ್ಟಿ ತೆಗೆದರೂ ಆ ದಿನ ನಾಲ್ಕೈದು ಹೆಸರು ಇರುತ್ತವೆ. ಅಂದು ಹುಟ್ಟಿದವರಲ್ಲ ಅವರು. ಶಾಲೆಗೆ ಸೇರಿಸುವಾಗ ತಂದೆತಾಯಿಗೆ ತಾರೀಖು ಗೊತ್ತಿಲ್ಲದೆ "ಮಳೆಗಾಲ ಶುರುವಾಗಿತ್ತು ಸಾರ್" ಅಂದದ್ದಕ್ಕೆ ಮೇಷ್ಟ್ರು ಬರೆದುಕೊಂಡ ದಿನ. ಅದೇ ದಾಖಲೆಯಾಯಿತು, ಆಧಾರಾಯಿತು, ಈಗ ಫೋನಿಗೂ ಬಂತು. ಅತ್ತೆಯವರಿಗೆ ಇದನ್ನೂ ಹೇಳಿ ನೋಡಿ. ಅವರು ಕೈಹಿಡಿದವರು ನಿಜವಾಗಿ ಯಾವ ಸುಗ್ಗಿಯಲ್ಲೋ ಯಾವ ಜಾತ್ರೆಯ ಎಡಬಲದಲ್ಲೋ ಹುಟ್ಟಿದವರೆಂದು ಅವರಿಗೇ ಗೊತ್ತಿರಬಹುದು, ನಿಮಗೆ ಒಂದು ಕಥೆಯೇ ಸಿಕ್ಕೀತು.

ಇನ್ನೊಂದು ಮಾತು. ತೆಗೆಯುವ ಮೊದಲು ಅತ್ತೆಯವರನ್ನು ಒಂದು ಮಾತು ಕೇಳಿ. ಮೊದಲ ವರ್ಷ ಊಟ ಬಿಟ್ಟವರು ಮೂರನೇ ವರ್ಷ ಆ ಹೆಸರು ಕಾಣಲಿ ಎಂದು ಕಾಯುತ್ತಿರಲೂಬಹುದು. ಮಗ ಮಕ್ಕಳು ಒಳ್ಳೆಯದಕ್ಕೆಂದೇ ಮಾಡುತ್ತಾರೆ, ಆದರೆ ಕೇಳದೆ ಮಾಡುತ್ತಾರೆ. "ಇರಲಿ ಬಿಡಮ್ಮ" ಎಂದರೆ ಇರಲಿ. "ಬೇಡ" ಎಂದರೆ ತೆಗೆಯಿರಿ, ಅದಕ್ಕೆ ಬದಲು ಅವರಿಗೆ ಬೇಕಾದ ದಿನವನ್ನು ಬರೆದುಕೊಡಿ.

ಆ ಬೇಕಾದ ದಿನ ಬಹುಶಃ ತಿಥಿ. ಇಲ್ಲಿ ಯಂತ್ರಕ್ಕೂ ನಮಗೂ ಹೊಂದುವುದಿಲ್ಲ. ವರ್ಷಕ್ಕೊಮ್ಮೆ ಮರುಕಳಿಸಲಿ ಎಂದು ಹಾಕಿದರೆ ಅದು ಇಂಗ್ಲಿಷ್ ತಾರೀಖನ್ನೇ ಹಿಡಿದುಕೊಳ್ಳುತ್ತದೆ. ನಮ್ಮ ಮಾಸ, ಪಕ್ಷ, ತಿಥಿ ಅದಕ್ಕೆ ತಿಳಿಯದು. ಯುಗಾದಿಯನ್ನೇ ನೋಡಿ. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯಿತು. 2026ರಲ್ಲಿ ಅಧಿಕ ಜ್ಯೇಷ್ಠ ಬಂದದ್ದರಿಂದ 2027ರ ಯುಗಾದಿ ಮುಂದಕ್ಕೆ ನೆಗೆದು ಏಪ್ರಿಲ್ 7. ಹೀಗಿರುವಾಗ ಯಂತ್ರ ಹೇಗೆ ತಾನೇ ಹಿಡಿದೀತು? ಆದ್ದರಿಂದ ತಿಥಿಗೆ ಮರುಕಳಿಸುವ ಗುರುತು ಹಾಕಲೇಬೇಡಿ. ಯುಗಾದಿಯ ದಿನ ಹೊಸ ಪಂಚಾಂಗ ಕೈಗೆ ಬಂದಾಗ, ಅಥವಾ ಬೆಂಗಳೂರು ಪ್ರೆಸ್ ಕ್ಯಾಲೆಂಡರು ಗೋಡೆಗೆ ಹಾಕಿದಾಗ, ಕೂತು ಆ ವರ್ಷದ ತಾರೀಖು ನೋಡಿ ಕೈಯಾರೆ ಬರೆಯಿರಿ. ಕೆಲವರ ಮನೆಯಲ್ಲಿ ತಿಥಿ ಇರುವುದಿಲ್ಲ, ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಕೆಲವರು ಪುಣ್ಯಸ್ಮರಣೆಯನ್ನು ಇಂಗ್ಲಿಷ್ ತಾರೀಖಿಗೇ ಮಾಡುತ್ತಾರೆ. ಇಂಗ್ಲಿಷ್ ತಾರೀಖಿನವರು ಮಾತ್ರ ಮರುಕಳಿಸುವ ಗುರುತು ಹಾಕಿ.

ಇನ್ನು ಹೋದ ತಾರೀಖುಗಳು. ಆಸೆ ಬಿಡಬೇಡಿ. ಮಗ ಫೋಲ್ಡರನ್ನು ಸಾದಾ ಡಿಲೀಟ್ ಒತ್ತಿ ತೆಗೆದಿದ್ದರೆ ಅದು ಕಸದ ಬುಟ್ಟಿಯಲ್ಲಿ ಇನ್ನೂ ಇರುತ್ತದೆ. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದ್ದರೆ ಬುಟ್ಟಿಗೂ ಹೋಗಿರುವುದಿಲ್ಲ. ಬುಟ್ಟಿ ತೆರೆದು ನೋಡಿ. ಸಿಕ್ಕಿದರೆ ಹಳೇ ಜಾಗಕ್ಕೆ ಹಾಕಬೇಡಿ, ಅಲ್ಲಿ ಈಗ ಹೊಸ ಖಾತೆ ಇದೆ. ಬೇರೆಲ್ಲಾದರೂ, ಡಾಕ್ಯುಮೆಂಟ್ಸ್‌ನಲ್ಲೋ ಮತ್ತೆಲ್ಲೋ, ಎಳೆದಿಟ್ಟು ಅದರೊಳಗಿನ ಐಸಿಎಸ್ ಫೈಲಿನ ಮೇಲೆ ಎರಡು ಸಲ ಒತ್ತಿ. ಈಚಿನ ಕ್ಯಾಲೆಂಡರುಗಳು ಇದರಲ್ಲಿರುವುದನ್ನು ಸೇರಿಸಿಕೊಳ್ಳಲೇ ಎಂದು ಕೇಳುತ್ತವೆ. ಪರ್ಸನಲ್ ಆರಿಸಿ ಒಪ್ಪಿಗೆ ಕೊಡಿ.

ಸಿಗದೇ ಹೋದರೂ ಕೂಸಿನ ಲಸಿಕೆ ನಿಲ್ಲಬೇಕಾಗಿಲ್ಲ. ತಾಯಿ ಕಾರ್ಡಿನಲ್ಲಿ ಎಲ್ಲ ಬರೆದಿರುತ್ತದೆ. ಹುಟ್ಟಿದಾಗಿನದು ಆದಮೇಲೆ 6 ವಾರಕ್ಕೆ, 10 ವಾರಕ್ಕೆ, 14 ವಾರಕ್ಕೆ, ಆಮೇಲೆ 9 ತಿಂಗಳು ತುಂಬಿದಾಗ, ಮುಂದೆ 16ರಿಂದ 24 ತಿಂಗಳೊಳಗೆ. ಹುಟ್ಟಿದ ದಿನದಿಂದ 42 ದಿನ ಎಣಿಸಿದರೆ 6 ವಾರ. ಕಾರ್ಡೂ ಕೈಗೆ ಸಿಗದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿಯಲ್ಲೋ ಕೇಳಿ. ದಿನ ತಪ್ಪಿತೆಂದು ಬಿಟ್ಟುಬಿಡಬೇಡಿ, ಗೊತ್ತಾದ ಕೂಡಲೇ ಕರೆದುಕೊಂಡು ಹೋಗಿ. ಕಂತಿನ ತಾರೀಖುಗಳು ಸಂಘದ ಪುಸ್ತಕದಲ್ಲಿ ಇದ್ದೇ ಇರುತ್ತವೆ. ನಾನಂತೂ ಹೇಳುವುದು ಇಷ್ಟು: ಕಂಪ್ಯೂಟರಿನಲ್ಲಿ ಎಷ್ಟೇ ಚಂದ ಬರೆದಿಟ್ಟರೂ ಲಸಿಕೆ ಮತ್ತು ಸಾಲದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲೂ ಒಂದು ಸುತ್ತು ಹಾಕಿಡಿ. ಕರೆಂಟು ಹೋದರೂ ಅದು ಕಾಣುತ್ತದೆ.

ಉಳಿದ ಸೋದರಿಯರಿಗೆ ಬರುವ ಫೈಲು ಹುಟ್ಟುಹಬ್ಬದ್ದೇ ಆಗಬೇಕೆಂದಿಲ್ಲ. ಬರೆಯುವವನು ಮನೆಯೊಳಗಿದ್ದಾನೋ ಹೊರಗಿದ್ದಾನೋ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಇಂಟರ್ನೆಟ್ ಆರಿಸಿಬಿಡಿ, ಫೋನಿನಿಂದ ಕೊಡುತ್ತಿದ್ದರೆ ಹಾಟ್‌ಸ್ಪಾಟ್ ನಿಲ್ಲಿಸಿ. ಫೈಲಿನ ಪ್ರತಿ ತೆಗೆದಿಟ್ಟು ಅಳಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ನೆಟ್ ಇಲ್ಲದೆಯೂ ಫೈಲು ಬಂತೋ, ಬರೆದವರು ಮನೆಯ ಶಾನುಭೋಗರು. ಬರಲಿಲ್ಲ, ನೆಟ್ ಹಾಕಿದ ಮೇಲೆ ಬಂತೋ, ಅದು ಹೊರಗಿನಿಂದ ಬಂದದ್ದು. ಫೈಲಿನ ಮೇಲೆ ಬಲಗಡೆಯ ಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿದರೆ ಎಷ್ಟು ಹೊತ್ತಿಗೆ ಬರೆದದ್ದು ಎಂದೂ ತಿಳಿಯುತ್ತದೆ. ನೀವು ಒಳಗೆ ಬಂದ ನಿಮಿಷವೋ, ಮೇಲ್ ತೆರೆದ ನಿಮಿಷವೋ ನೋಡಿಕೊಳ್ಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹೊರಗಿನಿಂದ ಬರುವುದು ಸಾಮಾನ್ಯವಾಗಿ ಇ-ಮೇಲಿನ ಖಾತೆಯಿಂದ. ಲಿನಕ್ಸ್ ಹಾಕಿದಾಗ "ಆನ್‌ಲೈನ್ ಅಕೌಂಟ್ಸ್" ಎಂಬಲ್ಲಿ ಯಾರೋ ಮೇಲ್ ವಿಳಾಸ ಕೊಟ್ಟಿರುತ್ತಾರೆ. ಮೇಲ್ ಜೊತೆಗೆ ಅದರ ಕ್ಯಾಲೆಂಡರೂ ಇಳಿದು ಬರುತ್ತದೆ. ಲ್ಯಾಪ್‌ಟಾಪಿನಲ್ಲಿರುವುದು ನಕಲು, ಮೂಲ ಬೇರೆ ಕಡೆ. ನಕಲು ಹರಿದರೆ ಮೂಲದಿಂದ ಇನ್ನೊಂದು ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆನ್‌ಲೈನ್ ಅಕೌಂಟ್ಸ್ ತೆರೆದು ಆ ವಿಳಾಸದ ಮೇಲೆ ಒತ್ತಿದರೆ ಮೇಲ್, ಕ್ಯಾಲೆಂಡರ್, ಕಾಂಟ್ಯಾಕ್ಟ್ಸ್ ಎಂದು ಸ್ವಿಚ್ಚುಗಳಿರುತ್ತವೆ. ಕ್ಯಾಲೆಂಡರಿನ ಸ್ವಿಚ್ಚು ಮಾತ್ರ ಆರಿಸಿ, ಮೇಲ್ ಹಾಗೇ ನಡೆಯುತ್ತದೆ.

ಇಲ್ಲೊಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಸ್ವಿಚ್ಚು ಆರಿಸುವುದು ಬೇರೆ, ಕ್ಯಾಲೆಂಡರ್ ತೆರೆದು ಒಳಗಿನ ಕಾರ್ಯಕ್ರಮಗಳನ್ನು ಒಂದೊಂದಾಗಿ ಅಳಿಸುವುದು ಬೇರೆ. ಹಾಗೆ ಅಳಿಸಿದರೆ ಮೂಲದಲ್ಲೇ ಅಳಿಸಿ ಹೋಗುತ್ತದೆ. ಬೆಂಗಳೂರಿನಲ್ಲಿರುವ ಮಗನ ಫೋನಿನಿಂದಲೂ ಅವನ ಸಂದರ್ಶನದ ದಿನ, ರೈಲಿನ ದಿನ ಮಾಯ. ಬಾಗಿಲು ಹಾಕಿಕೊಳ್ಳುವುದಕ್ಕೂ ಮನೆ ಕೆಡಹುವುದಕ್ಕೂ ಇರುವ ವ್ಯತ್ಯಾಸ ಅದು. ತಂಡರ್‌ಬರ್ಡ್ ಬಳಸುವವರಿಗೆ ಕೂಡ ಇದೇ ಮಾತು. ನೆಟ್ಟಿನ ಕ್ಯಾಲೆಂಡರಾದರೆ ಅಲ್ಲಿ ಅನ್‌ಸಬ್‌ಸ್ಕ್ರೈಬ್ ಎಂಬುದನ್ನೇ ಆರಿಸಿ.

"ನಿಮಗೆ ಫೋನು ಬಹುಮಾನ ಬಂದಿದೆ" ಎಂಬಂಥ ಕಾರ್ಯಕ್ರಮಗಳು ದಿನಕ್ಕೆ ನಾಲ್ಕು ಬಂದು ಕೂರುತ್ತಿದ್ದರೆ ಅದು ಮೋಸಗಾರರ ಕೆಲಸ. ಮೇಲಿಗೆ ಆಹ್ವಾನ ಕಳಿಸಿದರೆ ಅದು ತಾನಾಗಿಯೇ ಕ್ಯಾಲೆಂಡರಿಗೆ ಸೇರುವ ಏರ್ಪಾಟನ್ನು ಅವರು ಉಪಯೋಗಿಸಿಕೊಳ್ಳುತ್ತಾರೆ. 2019ರಲ್ಲಿ ಇದು ಲೋಕದ ತುಂಬ ದೊಡ್ಡ ಗಲಾಟೆಯೇ ಆಗಿತ್ತು. ಅದರೊಳಗಿನ ಕೊಂಡಿ ಒತ್ತಬೇಡಿ. "ಬರುವುದಿಲ್ಲ" ಎಂದು ಉತ್ತರವನ್ನೂ ಕೊಡಬೇಡಿ, ಈ ವಿಳಾಸದಲ್ಲಿ ಮನುಷ್ಯರಿದ್ದಾರೆ ಎಂದು ಅವರಿಗೆ ತಿಳಿಯುತ್ತದೆ. ನಿಮ್ಮ ಮೇಲ್ ಖಾತೆಯ ಕ್ಯಾಲೆಂಡರ್ ಸೆಟ್ಟಿಂಗ್‌ನಲ್ಲಿ, ಗೊತ್ತಿರುವವರದು ಅಥವಾ ನಾನು ಒಪ್ಪಿದ ಆಹ್ವಾನ ಮಾತ್ರ ಸೇರಲಿ ಎಂದು ಬದಲಾಯಿಸಿ. ಯಾರಾದರೂ ಒತ್ತಿ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇನ್‌ವೈಟ್ ಎಂಬ ಹೆಸರಿನ ಪಕ್ಕ ಒಂದು, ಎರಡು, ಮೂರು ಎಂದು ಅಂಕಿ ಹಾಕಿಕೊಂಡು ಫೈಲುಗಳು ಕೂಡುತ್ತಿದ್ದರೆ ಅದು ಏನೂ ಅಲ್ಲ. ಮೇಲಿನಲ್ಲಿ ಬಂದ ಆಹ್ವಾನವನ್ನು ಒತ್ತಿದಾಗಲೆಲ್ಲ ಬ್ರೌಸರು ಒಂದೊಂದು ಇಳಿಸಿಡುತ್ತದೆ. ನಿರ್ಭಯವಾಗಿ ಅಳಿಸಿ.

ಹೊಳಲ್ಕೆರೆಯ ಒಬ್ಬರು ಕೆಡಿಇ ಪರದೆ ಇರುವ ಲಿನಕ್ಸಿನಲ್ಲಿ ಎಸ್‌ಟಿಡಿ ಎಂಬ ಐಸಿಎಸ್ ಫೈಲು ಬರುತ್ತಿದೆ ಎಂದಿದ್ದಾರೆ. ಅಲ್ಲಿ ಖಾತೆ ಬರೆಯುವವಳು ಅಕೊನಾಡಿ. ಘಾನಾ ದೇಶದ ನ್ಯಾಯದೇವತೆಯ ಹೆಸರಂತೆ ಅದು! ಕೆ-ಆರ್ಗನೈಸರ್ ತೆರೆದು ಪಕ್ಕದ ಪಟ್ಟಿಯಲ್ಲಿ ಆ ಕ್ಯಾಲೆಂಡರಿನ ಮೇಲೆ ಬಲಗುಂಡಿ ಒತ್ತಿ, ಅಲ್ಲಿಂದಲೇ ತೆಗೆಯಿರಿ. ಫೈಲನ್ನು ಹೊರಗಿನಿಂದ ಅಳಿಸಿದರೆ ಅವಳು ಮತ್ತೆ ಬರೆದೇ ಬರೆಯುತ್ತಾಳೆ.

ಎರಡು ಉಪಾಯಗಳನ್ನು ಹುಡುಗರು ಹೇಳಿಕೊಡುವುದುಂಟು, ಎರಡನ್ನೂ ನಾನು ಒಪ್ಪುವುದಿಲ್ಲ. ಒಂದು, ಫೈಲಿಗೆ ಬೀಗ ಹಾಕಿ ಯಾರೂ ಬರೆಯದಂತೆ ಮಾಡುವುದು. ಆಗ ನೀವು ಹೊಸದಾಗಿ ಬರೆದದ್ದೂ ಉಳಿಯುವುದಿಲ್ಲ, ಅದು ನಿಮಗೆ ತಿಂಗಳಾದ ಮೇಲೆ ಗೊತ್ತಾಗುತ್ತದೆ. ಇನ್ನೊಂದು, ಎವಲ್ಯೂಷನ್ ಡೇಟಾ ಸರ್ವರನ್ನೇ ಯಂತ್ರದಿಂದ ಕಿತ್ತು ಹಾಕುವುದು. ಉಬುಂಟುವಿನಲ್ಲಿ ಪರದೆಯ ಮುಖ್ಯ ಭಾಗವೇ ಇದರ ಮೇಲೆ ನಿಂತಿದೆ. ಇದನ್ನು ತೆಗೆಯಲು ಹೊರಟರೆ ಅದೂ ಜೊತೆಗೆ ಹೊರಡುತ್ತದೆ. ಆಮೇಲೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ತಾಳ್ಯದಿಂದ ಚಿತ್ರದುರ್ಗದ ಬಸ್ಸು ಹತ್ತಬೇಕಾದೀತು.

ಈ ಬಗ್ಗೆ ಬರೆಯುವವರು ಬರೀ "ಫೈಲು ಬರುತ್ತದೆ" ಎಂದು ಬರೆಯಬೇಡಿ. ಯಾವ ಲಿನಕ್ಸ್, ಫೈಲಿನ ಪೂರ್ತಿ ಹೆಸರು, ಅದು ಇದ್ದ ಫೋಲ್ಡರು, ನೆಟ್ ಆರಿಸಿದಾಗಲೂ ಬಂತೇ ಎಂಬ ನಾಲ್ಕು ಸಂಗತಿ ಒಂದು ಕಾರ್ಡಿನಲ್ಲಿ ಬರೆದರೂ ಸಾಕು. ಪಾಸ್‌ವರ್ಡ್ ಮಾತ್ರ ಬರೆಯಬೇಡಿ. ಈ ಸಲ ಮೂವರು ಬರೆದಿದ್ದರು, ಆ ಕಾಗದಗಳನ್ನು ಓದಿದ ಮೇಲೆ ಒಲೆಗೆ ಹಾಕಿದ್ದೇನೆ. ಅವರು ತಮ್ಮ ಪಾಸ್‌ವರ್ಡ್ ಇವತ್ತೇ ಬದಲಾಯಿಸಿಕೊಳ್ಳಲಿ.